ಕಾಯಿಲೆ ಒಬ್ಬರಿಗೆ, ಫೋನ್ ಇನ್ನೊಬ್ಬರದು

ಆರೋಗ್ಯದ ಆ್ಯಪ್‌ಗಳ ಯಶಸ್ಸನ್ನು ಡೌನ್‌ಲೋಡ್‌ ಸಂಖ್ಯೆಯಲ್ಲಿ ಅಳೆಯುವುದನ್ನು ನಾವು ನಿಲ್ಲಿಸಬೇಕು. 2020ರ ಏಪ್ರಿಲ್‌ನಲ್ಲಿ ಬಂದ ಕೇಂದ್ರ ಸರ್ಕಾರದ ಕೋವಿಡ್ ಆ್ಯಪ್ ಆರೋಗ್ಯ ಸೇತು ಒಂದೂವರೆ ತಿಂಗಳೊಳಗೆ 10 ಕೋಟಿ ಫೋನುಗಳನ್ನು ಸೇರಿತ್ತು. ಕಚೇರಿಗೆ ಹೋಗಲು, ರೈಲು ಹತ್ತಲು ಅದು ಬೇಕೆಂದ ಮೇಲೆ ಸೇರದೆ ಇನ್ನೇನು ಮಾಡೀತು? ಒತ್ತಾಯ ಸಡಿಲವಾದ ಮೇಲೆ ಮೂಡಿಗೆರೆ ಕಡೆಯ ನನ್ನ ಪರಿಚಿತರಲ್ಲಿ ಅದನ್ನು ತೆರೆದು ನೋಡುವವರು ಯಾರೂ ಉಳಿಯಲಿಲ್ಲ.

ಕೇಳಬೇಕಾದದ್ದು ಆ್ಯಪ್ ಯಾರ ಫೋನಿನಲ್ಲಿದೆ ಎಂಬುದನ್ನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ದೇಶದಲ್ಲಿ ಶೇ 54ರಷ್ಟು ಮಾತ್ರ. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದವರು ಪುರುಷರಲ್ಲಿ ಶೇ 57, ಮಹಿಳೆಯರಲ್ಲಿ ಶೇ 33. ಇದು 50 ದಾಟದ ಮಹಿಳೆಯರ ಲೆಕ್ಕ. ಬಿಪಿ, ಶುಗರ್ ಮಾತ್ರೆ ನುಂಗುವ ನಮ್ಮ ಅಜ್ಜಿಯರು ಇದರಲ್ಲಿ ಇಲ್ಲವೇ ಇಲ್ಲ.

ಆಧಾರ್ ಮೂಲಕ 14 ಅಂಕಿಯ ಆಭಾ ಸಂಖ್ಯೆ, ಅಂದರೆ ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು, ಮಾಡಿಸಲು ಸಾಮಾನ್ಯವಾಗಿ ಒಟಿಪಿ ಬೇಕು. ಆ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ, ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಆ ಮೊಬೈಲ್ ಇರುವುದು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಜೇಬಿನಲ್ಲಿ. ಅವನು ಮೀಟಿಂಗ್ ಮುಗಿಸಿ ಸಂಖ್ಯೆ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಬಂದ ಮೇಲೂ, ಸಾಲಿನಲ್ಲಿ ನಿಂತ ಯಾರೋ ಕಾಲೇಜು ಹುಡುಗಿ ತನ್ನದರ ಜೊತೆಗೆ ಹಿಂದಿನವರದ್ದನ್ನೂ ಮಾಡಿಕೊಡುವುದು ಮಾಮೂಲಿ ನೋಟ. ಗಂಡನ ಫೋನಿನಲ್ಲಿ ತನ್ನ ಮುಟ್ಟಿನ ತಾರೀಕನ್ನು ಬರೆದಿಡಲು ಎಷ್ಟು ಹೆಂಗಸರಿಗೆ ಮನಸ್ಸಾದೀತು? ಒಂದು ಫೋನ್, ಒಬ್ಬ ಮನುಷ್ಯ, ಒಂದು ಸಮ್ಮತಿ ಎಂದು ಎಣಿಸಿ ಮಾಡಿದ ಆ್ಯಪ್ ನಮ್ಮ ಮನೆಗಳ ಹೊಸ್ತಿಲಲ್ಲೇ ಎಡವುತ್ತದೆ.

ಇದನ್ನು ಅರಿತು ಮಾಡಿದ ಕೆಲಸಗಳೂ ಇವೆ. ದಕ್ಷಿಣ ಆಫ್ರಿಕಾ 2014ರಲ್ಲಿ ಆರಂಭಿಸಿದ ಮಾಮ್‌ಕನೆಕ್ಟ್‌ನಲ್ಲಿ ಗರ್ಭಿಣಿಯ ಹೆಸರನ್ನು ಕ್ಲಿನಿಕ್‌ನಲ್ಲೇ ನೋಂದಾಯಿಸಲಾಗುತ್ತಿತ್ತು, ಮಾಹಿತಿ ಸಾಮಾನ್ಯ ಫೋನಿಗೂ ಎಸ್ಎಂಎಸ್ ಆಗಿ ಉಚಿತವಾಗಿ ತಲುಪುತ್ತಿತ್ತು. ನಮ್ಮಲ್ಲೇ ಕ್ಷಯ ರೋಗಿಗಳಿಗಾಗಿ ರೂಪಿಸಿದ 99ಡಾಟ್ಸ್‌ನಲ್ಲಿ ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ನಂಬರ್ ಕಾಣುತ್ತದೆ. ಅದಕ್ಕೆ ಉಚಿತ ಕರೆ ಮಾಡಿದರೆ ಅಂದಿನ ಮಾತ್ರೆ ತೆಗೆದುಕೊಂಡದ್ದು ದಾಖಲಾಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಅಂಕಿ ಗುರುತಿಸಲು ಬಂದರೆ ಸಾಕು. ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ ಇ-ಸಂಜೀವನಿಯಲ್ಲೂ ರೋಗಿ ಮನೆಯಿಂದ ಕರೆ ಮಾಡುವ ದಾರಿಯ ಜೊತೆಗೆ, ಊರಿನ ಆರೋಗ್ಯ ಕೇಂದ್ರದ ಸಿಬ್ಬಂದಿ ಪಕ್ಕದಲ್ಲಿ ಕೂತು ದೂರದ ವೈದ್ಯರೊಂದಿಗೆ ಮಾತನಾಡಿಸುವ ದಾರಿಯೂ ಇದೆ. ನನ್ನ ಮಟ್ಟಿಗೆ ಈ ಎರಡನೆಯ ದಾರಿಯೇ ನಮ್ಮ ಕಡೆಗೆ ಹೊಂದುವಂಥದ್ದು, ಏಕೆಂದರೆ ಬಿಪಿ ನೋಡಿ ಹೇಳುವ ಕೈಯೊಂದು ಅಲ್ಲಿರುತ್ತದೆ.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ಭಯಬಿದ್ದು ಮೈಸೂರಿನ ಜಯದೇವಕ್ಕೆ ಧಾವಿಸಿದರು. ನನ್ನ ಬಳಗದ ಕೆಲವರು ಕ್ಯಾಮೆರಾದ ಮೇಲೆ ಬೆರಳಿಟ್ಟು ನಾಡಿ ಎಣಿಸುವ ಆ್ಯಪ್‌ಗಳನ್ನೂ ಹಾಕಿಕೊಂಡರು. ಬೆರಳಿನ ರಕ್ತದ ಬಡಿತವನ್ನು ಎಣಿಸುವ ಆ ಆ್ಯಪ್‌ಗೆ ಹೃದಯದ ರಕ್ತನಾಳದ ಬ್ಲಾಕ್ ಕಾಣುವುದಿಲ್ಲ, ಆದರೆ ಪರದೆಯ ಮೇಲೆ ಹಸಿರು ಗುರುತು ಕಂಡೊಡನೆ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಲಗುವವರು ಇದ್ದಾರೆ. ಇದಕ್ಕೆ ಪಕ್ಕಾ ವಿರುದ್ಧವಾದದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ರೋಗಿ ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ.

ಹೀಗೆ ನಡುವೆ ನಿಲ್ಲುವವರ ಬಗ್ಗೆ ಯಾವ ಆ್ಯಪ್‌ನ ಜಾಹೀರಾತೂ ಮಾತನಾಡುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿ ಬರೆದುಕೊಂಡದ್ದು ಪೋರ್ಟಲ್‌ಗೆ ಏರಬೇಕು. ಕೊಟ್ಟಿಗೆಹಾರದಂಥ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಕೈಕೊಡುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತ ಅವರು ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಿದ್ದರು. ಪ್ರೋತ್ಸಾಹಧನವನ್ನು ಪೋರ್ಟಲ್ ದಾಖಲಾತಿಗೆ ಕಟ್ಟಿಹಾಕಬೇಡಿ ಎಂಬುದೂ ಅವರ ಹಳೆಯ ಬೇಡಿಕೆ. ಮುಂದಿನ ಆ್ಯಪ್‌ಗೆ ಹಣ ತೆಗೆದಿಡುವ ಮೊದಲು ಇಲಾಖೆ ಈ ಬೇಡಿಕೆಗೆ ಉತ್ತರ ಕೊಡಲಿ.