ಘಟ್ಟ ಹತ್ತಿಳಿದ ಎತ್ತುಗಳ ಚರಿತ್ರೆ

ನಾನು ನೆಲೆಸಿರುವ ಪುಣೆಯಲ್ಲಿ ನೆಲಸಾರಿಗೆಯ ಇತಿಹಾಸದ ಮಾತು ಬಂದರೆ ಮುಂಬಯಿ-ಪುಣೆಗಳ ನಡುವಿನ ಘಟ್ಟವಾದ ಬೋರ್ ಘಾಟಿನ ಹೆಸರು ಬಾರದೆ ಇರುವುದಿಲ್ಲ. ಅಲ್ಲಿ ಗಾಡಿ ರಸ್ತೆ ತೆರೆದದ್ದು 1830ರಲ್ಲಿ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿದ ಹತ್ತೇ ವರ್ಷಕ್ಕೆ ಹಳಿಗಳೂ ಆ ಘಟ್ಟವನ್ನು ಹತ್ತಿದವು. ಗಾಡಿ, ಉಗಿಬಂಡಿ, ಮೋಟಾರು ಎಂಬ ಪಠ್ಯಪುಸ್ತಕದ ಕ್ರಮ ಆ ಸೀಮೆಗೆ ಸರಿಹೊಂದುತ್ತದೆ. ನನ್ನ ಹುಟ್ಟೂರಿರುವ ಹಾಸನ ಜಿಲ್ಲೆಗಾಗಲಿ ಪಕ್ಕದ ಚಿಕ್ಕಮಗಳೂರಿಗಾಗಲಿ ಅದು ಹೊಂದುವುದಿಲ್ಲ; ಆದರೂ ನಮ್ಮ ಮಕ್ಕಳು ಅದನ್ನೇ ತಮ್ಮ ಚರಿತ್ರೆಯೆಂದು ಓದುತ್ತಾರೆ.

ಬಯಲು ಸೀಮೆಯ ಅರಸೀಕೆರೆ, ಕಡೂರು, ಬೀರೂರುಗಳು 19ನೇ ಶತಮಾನದ ಕೊನೆಯಲ್ಲೇ ರೈಲು ಕಂಡವು, ನಿಜ. ಆದರೆ ಹಾಸನದಿಂದ ಸಕಲೇಶಪುರದ ಮೂಲಕ ಮಂಗಳೂರಿಗೆ ಹಳಿ ಇಳಿದದ್ದು 1979ರಲ್ಲಿ. 1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕೆಂದು ನಿಂತ ಆ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಲು 2007 ಆಗಬೇಕಾಯಿತು. ಚಿಕ್ಕಮಗಳೂರು ಪಟ್ಟಣಕ್ಕೆ ಕಡೂರಿನಿಂದ ರೈಲು ಬಂದದ್ದಂತೂ 2013ರಲ್ಲಿ. ಬಸ್ಸು, ಲಾರಿಗಳು ಘಟ್ಟಕ್ಕೆ ಹಳೆಯವಾದ ಮೇಲೆ ಅಲ್ಲಿಗೆ ರೈಲು ಹೊಸದಾಗಿ ಬಂದಿತು.

ಅದಕ್ಕೂ ಮುಂಚಿನ ಶತಮಾನಗಳ ಭಾರವನ್ನೆಲ್ಲ ಹೊತ್ತದ್ದು ಎತ್ತು. ಗಾಡಿ ಇಳಿಯಲಾಗದ ಕಡಿದಾದ ದಾರಿಗಳಲ್ಲಿ ಕರಾವಳಿಯ ಉಪ್ಪು ಮೇಲೆ ಬಂದದ್ದು, ಮೇಲಿನ ಅಕ್ಕಿ ಕೆಳಗೆ ಹೋದದ್ದು ಹೇರೆತ್ತುಗಳ ಬೆನ್ನ ಮೇಲೆ. ಘಟ್ಟದ ರಸ್ತೆಗಳು ಅಗಲವಾದ ಮೇಲಷ್ಟೇ ಕಾಫಿ ಮೂಟೆಗಳು ಗಾಡಿ ಏರಿದವು. ದಾರಿಯ ಬೆಲೆಯನ್ನು ಆಳುವವರೂ ಅರಿತಿದ್ದರು. ಟಿಪ್ಪು 1792ರಲ್ಲಿ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ್ದು ಮಂಗಳೂರಿನ ಹಾದಿ ಕಣ್ಣಿಗೆ ಬೀಳುವ ಗುಡ್ಡದ ಮೇಲೆ.

ರಾಸುಗಳನ್ನು ಸಾಕಲು ಮೈಸೂರು ಅರಸರು ನಡೆಸುತ್ತಿದ್ದ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಹೆಸರು ಹೈನಿನದಾದರೂ ಅದರ ಖ್ಯಾತಿಗೆ ಕಾರಣ ಫಿರಂಗಿಗಳನ್ನೂ ಸೇನೆಯ ಸಾಮಾನನ್ನೂ ಬೇಗನೆ ಎಳೆದೊಯ್ಯುತ್ತಿದ್ದ, ಛಲಕ್ಕೂ ದಮ್ಮಿಗೂ ಹೆಸರಾದ ಎತ್ತುಗಳು. ಋತುವಿಗೆ ತಕ್ಕಂತೆ ಮಂದೆಯನ್ನು ಒಂದು ಕಾವಲಿನಿಂದ, ಅಂದರೆ ಮೀಸಲು ಹುಲ್ಲುಗಾವಲಿನಿಂದ, ಇನ್ನೊಂದಕ್ಕೆ ಅಟ್ಟುತ್ತ ಮೇಯಿಸುವ ಏರ್ಪಾಡನ್ನು 1799ರ ನಂತರ ಇಂಗ್ಲಿಷರೂ ಕೈಬಿಡದೆ ತಮ್ಮ ಸೈನ್ಯಕ್ಕೆ ಬಳಸಿಕೊಂಡರು. ತಳಿ, ಮೇವು, ಕಾವಲು, ಪಳಗಿಸುವಿಕೆ ಎಲ್ಲವನ್ನೂ ಒಂದೇ ಆಡಳಿತದಡಿ ತಂದ ಇದು ಪೂರ್ಣಪ್ರಮಾಣದ ಸಾರಿಗೆ ಇಲಾಖೆಯೆಂದೇ ನನ್ನ ಅಭಿಪ್ರಾಯ. ಅದನ್ನು ಪಶುಸಂಗೋಪನೆಯ ಅಧ್ಯಾಯಕ್ಕಷ್ಟೇ ಸೇರಿಸಿಬಿಡುವುದು ಅನ್ಯಾಯ.

ಈ ವಿಷಯದಲ್ಲಿ ಮರಾಠಿ ಜನರ ರೀತಿ ನನಗೆ ಮೆಚ್ಚುಗೆಯಾಗಿದೆ. ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಸಂತ ಜ್ಞಾನೇಶ್ವರರ ಪಾಲಖಿಯ (ಪಲ್ಲಕ್ಕಿಯ) ರಥಕ್ಕೆ ಇಂದಿಗೂ ಎತ್ತುಗಳನ್ನೇ ಹೂಡುತ್ತಾರೆ. ತಮ್ಮ ಜೋಡಿಗೆ ಆ ಮಾನ ಸಿಗಲೆಂದು ಮನೆತನಗಳು ಹಂಬಲಿಸುತ್ತವೆ. ಪುಣೆಯಾಚೆಯ ದಿವೆ ಘಾಟಿನ ಏರಿಗೆ ಹೆಚ್ಚುವರಿ ಜೋಡಿಗಳನ್ನು ಕಟ್ಟುವುದನ್ನು ನೋಡುವ ಹುಡುಗರಿಗೆ, ಘಟ್ಟದಲ್ಲಿ ಭಾರ ಹೇಗೆ ಏರುತ್ತಿತ್ತೆಂದು ಬೇರೆಯಾಗಿ ಹೇಳಿಕೊಡಬೇಕಿಲ್ಲ.

ನಮ್ಮಲ್ಲಿ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಅಮೃತಮಹಲ್ ರಾಸುಗಳು ಉಳಿದಿವೆ. ಹಳೆಯ ರೈಲು ಎಂಜಿನ್ನುಗಳಿಗೆ ಮೈಸೂರಿನಲ್ಲಿ ಸಂಗ್ರಹಾಲಯವಿರುವಂತೆ, ನೊಗ, ಮೂಕಿ, ಕಡಾಣಿ, ಹೇರಿನ ಚೀಲಗಳಿಗೂ ಘಟ್ಟದ ಹಳೆಯ ದಾರಿಗಳ ನಕ್ಷೆಗಳಿಗೂ ಅಜ್ಜಂಪುರದಲ್ಲೊಂದು ಸಂಗ್ರಹಾಲಯ ಬೇಕು. ಗಾಡಿ ಹೊಡೆದ ಹಿರಿಯರು ಬದುಕಿರುವಾಗಲೇ, ಎಲ್ಲಿ ತಂಗುತ್ತಿದ್ದರು, ಯಾವ ಇಳಿಜಾರಿನಲ್ಲಿ ಗಾಡಿಯನ್ನು ಹೇಗೆ ತಡೆಯುತ್ತಿದ್ದರು ಎಂಬುದನ್ನು ಎರಡೂ ಜಿಲ್ಲೆಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಬರೆದಿಟ್ಟುಕೊಳ್ಳಬೇಕು.