ಸತ್ಯಾಂಶ: ರೇಡಿಯೇಷನ್ ಪ್ಲಾನ್ ಮಾಡುವುದು ಎಐ ಒಂದೇ ಅಲ್ಲ

ಕ್ಯಾನ್ಸರ್ ರೋಗಿಗೆ ರೇಡಿಯೇಷನ್ ಎಲ್ಲಿ, ಎಷ್ಟು ಕೊಡಬೇಕೆಂದು ಈಗ ಎಐ ತಾನೇ ತೀರ್ಮಾನಿಸುತ್ತದೆ, ಡಾಕ್ಟರು ನೋಡುವುದೂ ಇಲ್ಲ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ. ಮನೆಯಲ್ಲಿ ರೋಗಿ ಇದ್ದವರು ಗಾಬರಿಯಾಗಿ ಇನ್ನೊಬ್ಬರಿಗೆ ಕಳಿಸುವುದು ಸಹಜವೇ.

ಗಂಟಲಿನ ಕ್ಯಾನ್ಸರ್ ಎಂದುಕೊಳ್ಳಿ. ಮುಖ, ಕುತ್ತಿಗೆ ಅಲುಗದಂತೆ ರೋಗಿಯ ಅಳತೆಗೇ ಮಾಡಿದ ಪ್ಲಾಸ್ಟಿಕ್ ಮಾಸ್ಕ್ ಹಾಕಿ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಸುಮಾರು 3 ಮಿಲಿಮೀಟರಿಗೊಂದರಂತೆ ಸಾಲು ಸಾಲು ಚಿತ್ರಗಳು. ಅವುಗಳಲ್ಲಿ ಬೆನ್ನುಹುರಿ, ಜೊಲ್ಲುಗ್ರಂಥಿಗಳ ಅಂಚಿಗೆ ಗೆರೆ ಎಳೆಯಬೇಕು, ಅಲ್ಲಿಗೆ ಕಿರಣ ಹೆಚ್ಚು ಬೀಳಬಾರದು. ಕೈಯಲ್ಲಿ ಎಳೆದರೆ ಗಂಟೆಗಟ್ಟಲೆ ಹಿಡಿಯುವ ಈ ಗೆರೆಗಳ ಕರಡನ್ನು ಎಐ ನಿಮಿಷಗಳಲ್ಲಿ ಕೊಡುತ್ತದೆ. ಹಲ್ಲಿಗೆ ತುಂಬಿಸಿದ ಲೋಹದಿಂದ ಚಿತ್ರ ಕಲಸಿಹೋದ ಕಡೆ ಅದು ತಪ್ಪುವುದುಂಟು. ತಿದ್ದುವವರು ತಜ್ಞ ವೈದ್ಯರು. ಗಡ್ಡೆಗೆ ಎಷ್ಟು ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ) ಎಂದು ಬರೆಯುವವರೂ ಅವರೇ. ಮೆಡಿಕಲ್ ಫಿಸಿಸಿಸ್ಟ್, ಅಂದರೆ ಚಿಕಿತ್ಸೆಯ ಕಿರಣಗಳ ಲೆಕ್ಕ ಬಲ್ಲ ಭೌತವಿಜ್ಞಾನಿ, ಆ ಲೆಕ್ಕ ಪರಿಶೀಲಿಸಿದ ಮೇಲೆಯೇ ಚಿಕಿತ್ಸೆ ಶುರು.

ಇಂಥ ಸಂದೇಶ ಬಂದರೆ ತಾರೀಖು, ಮೂಲ ಇದೆಯೇ ನೋಡಿ. ಅದಕ್ಕಿಂತ ಒಳ್ಳೆಯದು, ಚಿಕಿತ್ಸೆ ಕೊಡುವ ಕಡೆಯೇ ಕೇಳುವುದು: “ಸರ್, ನಮ್ಮಪ್ಪನ ಪ್ಲಾನ್‌ಗೆ ಒಪ್ಪಿಗೆ ಕೊಟ್ಟ ಡಾಕ್ಟರು ಯಾರು? ಒಮ್ಮೆ ತೋರಿಸ್ತೀರಾ?” ಹಾಗೆ ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.