ಪ್ರವಾಸಿ ಮಂದಿರದಲ್ಲಿ ಪ್ರವಾಸಿಗೆ ರೂಮಿಲ್ಲ

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಓಪನ್ ಆದಾಗಿಂದ ಒಂದೇ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ, 'ಪ್ರವಾಸೋದ್ಯಮಕ್ಕೆ ಭಾರಿ ಉತ್ತೇಜನ'. ಆಗ್ಲಿ ಮಾರಾಯ್ರೆ, ಯಾರು ಬೇಡ ಅಂದ್ರು. ನಮ್ಮಲ್ಲಿ ಕೆರೆ ಹೂಳೆತ್ತಿದ್ರೂ ಟೂರಿಸಂ, ಗುಡ್ಡಕ್ಕೆ ಮೆಟ್ಲು ಕಟ್ಟಿದ್ರೂ ಟೂರಿಸಂ. ಟೆಂಪಲ್ ಟೂರಿಸಂ, ಇಕೋ ಟೂರಿಸಂ, ಮೆಡಿಕಲ್ ಟೂರಿಸಂ, ಉಪ್ಪಿನಕಾಯಿ ಇದ್ದಂಗೆ, ಯಾವ ಎಲೆ ತುದಿಗಾದ್ರೂ ಬಡಿಸ್ಬಹುದು.

ಹೈಸ್ಕೂಲಲ್ಲಿ ಮೇಷ್ಟ್ರು ಹೇಳ್ಕೊಟ್ಟಿದ್ರು, ಪ್ರವಾಸ ಪ್ಲಸ್ ಉದ್ಯಮ, ಗುಣಸಂಧಿ. ಈಗ ಪ್ರವಾಸ ಪೂರ್ತಿ ಬಿಟ್ಟೋಗಿ ಉದ್ಯಮ ಮಾತ್ರ ಉಳ್ದಿದೆ, ಲೋಪಸಂಧಿ ಅಂತ ತಿದ್ಕೊಳ್ಳೋದು ಒಳ್ಳೇದು.

ಇದೇ ಪದದ ಅಣ್ಣ ಒಬ್ಬ ಇದಾನೆ, ಪ್ರವಾಸಿ ಮಂದಿರ. ಪ್ರತಿ ತಾಲೂಕಲ್ಲೂ ಒಂದು, ಊರಿನ ಒಳ್ಳೇ ಮರ ಎಲ್ಲ ಅದರ ಕಾಂಪೌಂಡಲ್ಲೇ. ಒಂದ್ಸಲ ಮಳೇಲಿ ಹೆಂಡ್ತಿ ಮಕ್ಕಳು ಕಟ್ಕೊಂಡು ಬೋರ್ಡ್ ನಂಬಿ ಒಳಗೆ ಹೋದೆ. ಬೆನ್ನಿಗೆ ಬಿಳಿ ಟವಲ್ ಹೊದ್ಕೊಂಡು ಕುರ್ಚಿಗಳು ಸಾಲಾಗಿ ಖಾಲಿ ಕೂತಿದ್ವು. ವಾಚ್‌ಮನ್ 'ಸಾಹೇಬ್ರ ಲೆಟರ್ ಇದ್ಯಾ ಸಾರ್' ಅಂದ. 'ಇಲ್ಲಪ್ಪಾ, ನಾವು ಪ್ರವಾಸಿಗಳು' ಅಂದೆ. 'ಪ್ರವಾಸಿಗಳಿಗೆ ಬಸ್ ಸ್ಟ್ಯಾಂಡ್ ಹತ್ರ ಲಾಡ್ಜ್ ಇದೆ ಸಾರ್, ಇದು ಪ್ರವಾಸಿ ಮಂದಿರ' ಅಂದ, ಪಾಪ, ತುಂಬಾ ಮರ್ಯಾದೆಯಿಂದ್ಲೇ.

ಹಂಗಾದ್ರೆ ಸರ್ಕಾರಿ ಕನ್ನಡದಲ್ಲಿ ಪ್ರವಾಸಿ ಅಂದ್ರೆ ಯಾರು? ಕಾರಿಂದ ಅರ್ಧ ಇಳಿದು ಒಣಗಿದ ಜೋಳ ನೋಡಿ ಬಾಟ್ಲಿ ನೀರು ಕುಡಿದು ಹೋಗೋರು, ಅದಕ್ಕೆ 'ಬರ ಅಧ್ಯಯನ ಪ್ರವಾಸ' ಅಂತ ಹೆಸರು. 2019ರ ಜುಲೈನಲ್ಲಿ ನಮ್ಮ ಶಾಸಕರು ಮುಂಬೈ ಹೋಟೆಲಲ್ಲಿ ಉಳ್ಕೊಂಡು ಇಲ್ಲಿ ಸರ್ಕಾರನೇ ಬೀಳಿಸಿದ್ರಲ್ಲ, ಅಷ್ಟು ದೊಡ್ಡ ಟೂರಿಗೆ ಮಾತ್ರ ರಾಜಕೀಯ ಅಂದ್ಬಿಟ್ರು. ಅನ್ಯಾಯ.

ಸಂಸ್ಕೃತದಲ್ಲಿ ಪ್ರವಾಸ ಅಂದ್ರೆ ಮನೆ ಬಿಟ್ಟು ದೂರ ಇರೋದು ಅಂತ. ಆ ಲೆಕ್ಕದಲ್ಲಿ ನಿಜವಾದ ಪ್ರವಾಸಿಗಳು ಶರಾವತಿ ಕಣಿವೆಯವ್ರು. ಲಿಂಗನಮಕ್ಕಿ ಡ್ಯಾಂ 1964ರಲ್ಲಿ ಮುಗೀತು, ಮನೆ ಗದ್ದೆ ಎಲ್ಲ ನೀರಡಿ ಹೋಯ್ತು, ಪಾತ್ರೆ ಪಗಡೆ ದನ ಕರು ಲಾರಿಗೆ ಹಾಕ್ಕೊಂಡು ಹೊರಟೋರಲ್ಲಿ ಎಷ್ಟೋ ಕುಟುಂಬಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಹಿನ್ನೀರಿನಾಚೆ ತುಮರಿ ಕಡೆ ಉಳಿದೋರಿಗೆ ಲಾಂಚೇ ಗತಿಯಾಗಿತ್ತು, ರಾತ್ರಿ ಲಾಂಚ್ ಇರ್ತಿರ್ಲಿಲ್ಲ, ಬೇಸಿಗೇಲಿ ನೀರಿಳಿದ್ರೆ ಗಾಡಿ ಹತ್ಸೋ ಹಾಗಿರ್ಲಿಲ್ಲ, ಹೊತ್ತಲ್ಲದ ಹೊತ್ತಲ್ಲಿ ಯಾರಿಗಾದ್ರೂ ಹೆರಿಗೆ ನೋವು ಶುರುವಾದ್ರೆ ದೇವರೇ ಗತಿ. 2.44 ಕಿಲೋಮೀಟರ್ ಸೇತುವೆಗೆ 2025ರ ಜುಲೈ 14ರ ತನಕ ಕಾದ್ರು. ನಾಡಿಗೆ ಕರೆಂಟ್ ಕೊಟ್ಟ ತಪ್ಪಿಗೆ 61 ವರ್ಷ! ಕೊನೆಗೂ ಸಿಕ್ಕಿದ್ಮೇಲೆ ನಮಗೆ ನೆನಪಾಗಿದ್ದು ವೀಕೆಂಡಿಗೆ ಬರೋರಿಗೆ ಆಗೋ ಅನುಕೂಲ. ಥೂ.

ಇರ್ಲಿ. ಸೇತುವೆ ಮಧ್ಯ ಕಾರ್ ನಿಲ್ಸಿ ಸೆಲ್ಫಿ ತೆಗ್ಯೋರು ಸ್ವಲ್ಪ ಸೈಡಿಗೆ ಬನ್ನಿ, ಹಿಂದೆ ಬಸ್ಸಲ್ಲಿ ತುಮರಿ ಅಜ್ಜಿ ಒಬ್ರು ಕೂತಿದಾರೆ, ಸಾಗರದ ಆಸ್ಪತ್ರೆಗೆ ಹೋಗ್ಬೇಕು. ಅವ್ರನ್ನೂ ಲೆಕ್ಕಕ್ಕೆ ಸೇರಿಸ್ಲೇಬೇಕು ಅಂದ್ರೆ ಮೆಡಿಕಲ್ ಟೂರಿಸಂ ಅಂತ ಬರ್ಕೊಳ್ಳಿ.